ಒಲೆ ಸರಿಸಿದ ಜಾಗ

ವಾದಿ ರಮ್ ಮರುಭೂಮಿ ಕಣಿವೆ

ಅಪ್ಪನಿಗೆ ನೂಫ್ ಮಾಡುವ ಸಲಾಂ.

ಇವತ್ತು ಬೆಳಗ್ಗೆ ನಮ್ಮ ಕಪ್ಪು ಬಂಡೆಯ ಮೈಮೇಲೆ ಹಸಿ ಗಾಯದಂಥ ನಸುಗೆಂಪು ಕಂಡೆ. ನಿನ್ನೆ ಸಂಜೆ ಅಲ್ಲಿಂದ ದೊಡ್ಡ ಚಪ್ಪಡಿ ಕಳಚಿ, ಅಜ್ಜನ ಕಾಲದಿಂದ ನಾವು ಡೇರೆ ಹಾಕುತ್ತಿದ್ದ ಜಾಗಕ್ಕೇ ಬಿತ್ತು. ಗಾಬರಿಯಾಗಬೇಡಿ, ಡೇರೆಗಳು ಅಲ್ಲಿರಲಿಲ್ಲ.

ಹೋದ ವಾರ ಮಳೆ ನಿಂತ ಮೇಲೂ ಬಂಡೆಯ ಬುಡ ಒಸರುತ್ತಿತ್ತು. ಗುಡಿಸಿದಷ್ಟೂ ಹೊಸ ಮರಳು ಉದುರುತ್ತಿತ್ತು. ನೀರು ಒಳಗಿನಿಂದ ಕಲ್ಲನ್ನು ತಿನ್ನುತ್ತಿದೆ, ಡೇರೆ ಆಚೆ ಹಾಕೋಣ ಎಂದಾಗ ದೊಡ್ಡಪ್ಪ ನಕ್ಕಿದ್ದರು: "ಕವಿತೆ ಓದಿ ಓದಿ ನಿಂಗೆ ಕಲ್ಲು ಅಳೋದೂ ಕಾಣುತ್ತೇನೇ?"

ನಾನೇ ಹೋಗಿ ಅಜ್ಜನ ಕಾಫಿ ಒಲೆಯ ಕಲ್ಲುಗಳನ್ನು ಎತ್ತಿ ದೂರದಲ್ಲಿ ಹೂಡಿದೆ. ನಮ್ಮಲ್ಲಿ ಒಲೆಯಿದ್ದಲ್ಲೇ ಡೇರೆಯಲ್ಲವೇ? ಬೈಯುತ್ತಲೇ ಎಲ್ಲರೂ ಬಂದರು.

ಇಂದು ಗಂಡಸರೆಲ್ಲ ಕೂತಿರುವಾಗ ದೊಡ್ಡಪ್ಪ ಮೊದಲ ಬಟ್ಟಲು ಕಾಫಿಯನ್ನು ನನ್ನ ಕೈಗೇ ಕೊಟ್ಟರು. "ಕುಡಿಯೇ ತಾಯಿ. ಇನ್ಮೇಲೆ ಯಾವ ಕಲ್ಲು ಅತ್ರೂ ಮೊದ್ಲು ನಂಗೆ ಹೇಳು." ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸದೆ ಕುಡಿದೆ.

ನೀವಿರುವ ಅಕಾಬಾ ಪಟ್ಟಣದ ಶಾಲೆಯಲ್ಲಿ ನನಗಾಗಿ ಕೆಲಸ ಕೇಳಿದ್ದೀರಿ. ದಯವಿಟ್ಟು ಬೇಡವೆಂದು ಹೇಳಿಬಿಡಿ. ಶುಕ್ರವಾರ ಬರುವ ಪ್ರವಾಸಿಗರನ್ನು ಕಣಿವೆಯೊಳಗೆ ನಾನೇ ಕರೆದೊಯ್ಯುತ್ತೇನೆ. ನೀವು ಬರುವಾಗ ನನ್ನ ಅಳತೆಯ ಗಟ್ಟಿ ಬೂಟು ತನ್ನಿ.

ನಿಮ್ಮ ಮಗಳು,
ನೂಫ್