ಬಾಳೆಕಾಯಿ ಚುರಮುರಿ

ಹುಕ್ಕೇರಿ
೧೧ ಮಾರ್ಚ್ ೨೦೦೧

ಚಿರಂಜೀವಿ ಸೌಭಾಗ್ಯವತಿ ರೂಪಾಲಿಗೆ ನಿನ್ನ ಹೆತ್ತವ್ವ ಸಾವಿತ್ರವ್ವ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮಪ್ಪನ ಕೆಮ್ಮು ಈಗ ಕಡಿಮೆ. ಅಲ್ಲಿ ಅಳಿಯಂದಿರು ಶ್ರೇಣಿಕ, ನಮ್ಮ ಪುಟ್ಟ ಪ್ರಣಿತಾ, ನಿನ್ನ ಅತ್ತೆ ಜಿನ್ನವ್ವನವರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇದೇನು ಹೊಸದಾಗಿ ‘ಹೆತ್ತವ್ವ’ ಎಂದು ನಗಬೇಡ. ಬೇಕೆಂದೇ ಬರೆದಿದ್ದೇನೆ.

ದೀಪಾವಳಿಗೆ ಬಂದು ಹೋದವಳು ಮತ್ತೆ ಗೋಕಾಕದ ಕಡೆ ಮುಖ ಹಾಕಿಲ್ಲ, ನನ್ನ ಮೇಲೆ ಸಿಟ್ಟೇನು ಎಂದು ಕೇಳಿದ್ದೀ. ನಿಮ್ಮಪ್ಪನ ಕೆಮ್ಮಿನ ನೆಪ ಇನ್ನೆಷ್ಟು ಸಲ ಹೇಳಲಿ? ಸಿಟ್ಟಲ್ಲ ಮಗಳೇ, ಹೊಟ್ಟೆಕಿಚ್ಚು. ಅದೂ ಈ ವಯಸ್ಸಿನಲ್ಲಿ, ಬೀಗತಿಯ ಮೇಲೆ.

ಆ ಸಂಜೆ ನಿನಗೆ ನೆನಪಿದ್ದೇ ಇರುತ್ತದೆ. ನಾನು, ನೀನು, ನಿನ್ನ ಅತ್ತೆ ಮೂವರೂ ಊರ ಗಾರ್ಡನ್ನಿನ ಸಿಮೆಂಟ್ ಬೆಂಚಿನ ಮೇಲೆ ಕೂತಿದ್ದೆವು. ಗೇಟಿನ ಹೊರಗೆ ಚುರಮುರಿ ಗಾಡಿಯವನು ಪಾತ್ರೆಯಲ್ಲಿ ಚಮಚ ಆಡಿಸುವ ಸದ್ದು ಕೇಳಿ ಪ್ರಣಿತಾ ಹಟ ಹಿಡಿದಳು. ನೀನು, “ಅದರಾಗ ಉಳ್ಳಾಗಡ್ಡಿ ಐತಿ, ಬಟಾಟಿ ಐತಿ, ನಮಗ ನಡೆಂಗಿಲ್ಲವಾ” ಎಂದೆ. ನೆಲದೊಳಗೆ ಬೆಳೆದ ಗಡ್ಡೆ ತಿನ್ನಬಾರದೆಂಬ ನಮ್ಮ ಜೈನರ ಕಟ್ಟಳೆ ನಾಲ್ಕು ವರ್ಷದ ಕೂಸಿಗೆ ಏನು ತಿಳಿದೀತು? ಹುಲ್ಲಿನ ಮೇಲೆ ಉರುಳಾಡಿ ಅತ್ತಳು. ಬಾಜೂಕ್ಕೆ ಕೊಣ್ಣೂರಿನಿಂದ ಬಂದಿದ್ದ ನಮ್ಮವರದೇ ಒಂದು ಕುಟುಂಬವಿತ್ತು. ಆ ತಾಯಿಯೂ ತನ್ನ ಮಕ್ಕಳ ರಟ್ಟೆ ಹಿಡಿದು ಗಾಡಿಯಿಂದ ಎಳೆದು ತರುತ್ತಿದ್ದಳು.

ಆಗ ಬಾಯಿ ಬಿಟ್ಟವಳು ನಾನು. “ಬಟಾಟಿ ಬದ್ಲಿ ಬಾಳೀಕಾಯಿ ಕುದಿಸಿ ಹಾಕಬೇಕು, ಉಳ್ಳಾಗಡ್ಡಿ ಬದ್ಲಿ ಸವತಿಕಾಯಿ ಸಣ್ಣಗ ಹೆಚ್ಚಬೇಕು. ರೂಪಾ ಸಣ್ಣಾಕಿದ್ದಾಗ ನಾ ಹಂಗಽ ಮಾಡಿ ಕೊಡ್ತಿದ್ದೆ” ಎಂದೆ. ಮರುದಿನ ನಿಮ್ಮ ಅಡಿಗೆಮನೆಯಲ್ಲಿ ನಾನೇ ಕೂತು ಮಾಡಿದೆ. ಡಬ್ಬಿ ತೆಗೆದುಕೊಂಡು ಗಾರ್ಡನ್ನಿಗೆ ಹೋದೆವು. ಪ್ರಣಿತಾ ತಿಂದಳು. ಅವಳನ್ನು ನೋಡಿ ಕೊಣ್ಣೂರಿನ ಮಕ್ಕಳು ಬಂದರು, ಅವರ ಹಿಂದೆ ಇನ್ನೆರಡು ಮನೆಯ ಮಕ್ಕಳು. ಡಬ್ಬಿ ಬರಿದಾಯಿತು. ಆ ಕೊಣ್ಣೂರಿನಾಕೆ, “ನಾಳಿಗೂ ತರ್ತೀರೇನ್ರಿ? ರೊಕ್ಕಾ ಕೊಡ್ತೇವ್ರಿ” ಎಂದಳು.

ನಾನು ನಕ್ಕು ಡಬ್ಬಿ ಮುಚ್ಚಿದೆ. ನೀನು ಮಾತ್ರ ನಿನ್ನ ಅತ್ತೆಯ ಮುಖ ನೋಡಿದೆ, ಆಕೆ ನಿನ್ನ ಮುಖ ನೋಡಿದರು. ಆ ನೋಟದಲ್ಲಿ ನನಗೆ ಜಾಗವಿರಲಿಲ್ಲ ರೂಪಾ. ನನಗೆ ಕಂಡದ್ದು ಅಳುವ ಮೊಮ್ಮಗಳು ಒಬ್ಬಳೇ. ಜಿನ್ನವ್ವನವರಿಗೆ ಇಡೀ ಗಾರ್ಡನ್ನು ಕಂಡಿತ್ತು.

ನಾನು ಹುಕ್ಕೇರಿಗೆ ಮರಳಿದ ಮೇಲೆ ನಿನ್ನ ಪತ್ರ ಬಂತು. ಕೈಗಾಡಿ ತೆಗೆದುಕೊಂಡೆವು, ಗೇಟಿನ ಹತ್ತಿರ ನಿಲ್ಲಿಸುತ್ತೇವೆ, ರಾತ್ರಿ ಉಣ್ಣದ ನಮ್ಮವರೆಲ್ಲ ಹೊತ್ತು ಮುಳುಗುವುದರೊಳಗೆ ತಿಂದು ಹೋಗಲೆಂದು ನಾಲ್ಕಕ್ಕೇ ಶುರು ಮಾಡುತ್ತೇವೆ ಎಂದೆಲ್ಲ ಬರೆದಿದ್ದೆ. ಓದುತ್ತ ಖುಷಿಯಾಗಿತ್ತು. ಕೆಳಗೆ, ‘ಚಟ್ನಿಗೆ ಪುದೀನ ಹಾಕೋಣ ಅಂತ ಅವ್ವ ಹೇಳಿದರು’ ಎಂದು ಇತ್ತು. ನಾನು ಪುದೀನದ ಮಾತು ಯಾವಾಗ ಆಡಿದೆ ಎಂದು ತಲೆ ಕೆರೆದುಕೊಂಡೆ. ನಿಮ್ಮಪ್ಪನಿಗೂ ಓದಿ ಹೇಳಿದೆ. ಅವರೇ, “ಅವ್ವ ಅಂದದ್ದು ನಿನಗಲ್ಲ ಬಿಡ, ಅದು ಅಕಿ ಗಂಡನ ಅವ್ವಗ. ನಿನಗ ಯಾವಾಗ ‘ಹೇಳಿದರು’ ಅಂದಾಳಕಿ?” ಎಂದರು.

ಆ ದಿನ ನನಗೆ ಊಟ ಸೇರಲಿಲ್ಲ. ನೀನು ಮದುವೆಯಾಗಿ ಹೋಗುವಾಗ ಅತ್ತೆ ಕಾಟ ಕೊಟ್ಟಾಳೋ ಎಂದು ಹೆದರಿದ್ದೆ. ಮಗಳು ಅಳುತ್ತ ಬಂದರೆ ಯಾವ ಮಾತು ಹೇಳಿ ಸಮಾಧಾನ ಮಾಡಬೇಕು ಎಂದು ಸಹ ಯೋಚಿಸಿ ಇಟ್ಟಿದ್ದೆ. ನೀನು ಒಂದು ಸಲವೂ ಅಳುತ್ತ ಬರಲಿಲ್ಲ. ನನ್ನ ನೆರೆಹೊರೆಯವರು ಇದನ್ನು ಪುಣ್ಯ ಎನ್ನುತ್ತಾರೆ. ನಾನೂ ಹೌದು ಎನ್ನುತ್ತೇನೆ, ಬಾಯಿಂದ.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಸಂಕ್ರಾಂತಿಗೆ ಕುಸುರೆಳ್ಳು, ಸಜ್ಜೆ ರೊಟ್ಟಿ ಕಟ್ಟಿಕೊಂಡು ಗೋಕಾಕದ ಬಸ್ಸು ಹತ್ತಿದ್ದೆ. ಮನೆಗೆ ಕೀಲಿ ಇತ್ತು. ಗಾರ್ಡನ್ನಿನ ಕಡೆ ಬಂದೆ. ರಸ್ತೆಯ ಈಚೆಗೆ ನಿಂತೇ ನೋಡಿದೆ. ಗಾಡಿಯ ಸುತ್ತ ಮಂದಿ. ನಿನ್ನ ಎರಡೂ ಕೈ ಹುಣಸೆಹುಳಿಯಲ್ಲಿದ್ದವು, ಹಣೆಯ ಕೂದಲು ಕಣ್ಣಿಗೆ ಬಿದ್ದಿತ್ತು. ನಿನ್ನ ಅತ್ತೆ ಸೆರಗಿನಿಂದ ನಿನ್ನ ಹಣೆ ಒರೆಸಿ, ಕೂದಲು ಕಿವಿಯ ಹಿಂದೆ ಸೇರಿಸಿ, ಒಂದು ತುತ್ತು ಚುರಮುರಿ ನಿನ್ನ ಬಾಯಿಗೆ ಹಾಕಿದರು. ನೀನು, “ಸಾಕ್ ಬಿಡ್ರಿ ಅವ್ವಾ” ಎಂದು ನಕ್ಕೆ. ನಾನು ರಸ್ತೆ ದಾಟಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ರೊಟ್ಟಿಯನ್ನು ನಾನೂ ನಿಮ್ಮಪ್ಪನೂ ಮೊಸರು ಹಚ್ಚಿಕೊಂಡು ತಿಂದು ಮುಗಿಸಿದೆವು. ನೀವು ಯಾರೂ ಎಲ್ಲಿಯೂ ಕಾಣಲಿಲ್ಲ ಎಂದು ಅವರಿಗೆ ಸುಳ್ಳು ಹೇಳಿದೆ.

ಇನ್ನು ಹೋದ ತಿಂಗಳು ಮೂಡಲಗಿಯಲ್ಲಿ ಆದ ನಮ್ಮ ಬಳಗದವರ ಮದುವೆಯ ವಿಷಯ. ಅಲ್ಲಿ ನಡೆದದ್ದನ್ನು ಅಳಿಯಂದಿರು ನಿನಗೆ ಹೇಳಿದ್ದಾರೆ, ಆದರೆ ಗಂಡಸರ ಪಂಕ್ತಿಯಲ್ಲಿ ಕೂತವರಿಗೆ ಅರ್ಧವೇ ಕೇಳಿಸಿರುತ್ತದೆ. ಹೆಂಗಸರು ಕೂತಲ್ಲಿ ನಿಮ್ಮ ಗಾಡಿಯ ಮಾತು ಬಂತು. ಮದುಮಗನ ಸೋದರತ್ತೆ ಎಲ್ಲರಿಗೂ ಕೇಳುವಂತೆ, “ಅವರ ಚಟ್ನ್ಯಾಗ ಬಳ್ಳೊಳ್ಳಿ ಹಾಕ್ತಾರಂತ. ಇಲ್ಲಂದ್ರ ಅಷ್ಟ ರುಚಿ ಎಲ್ಲಿಂದ ಬರಬೇಕ್ರಿ? ನಮ್ಮ ಕೊಣ್ಣೂರಿನವರು ಹೋಗೋದಽ ಬಿಟ್ಟಾರ” ಎಂದಳು. ನಿಮ್ಮ ಗಿರಾಕಿ ಒಮ್ಮೆಲೇ ಯಾಕೆ ಕಡಿಮೆಯಾದರು ಎಂದು ನೀನು ಅಳಲಿನಿಂದ ಬರೆದಿದ್ದೆಯಲ್ಲ, ಕಾರಣ ಅಲ್ಲಿ ಸಿಕ್ಕಿತು. ಆಕೆ ನನ್ನ ಕಡೆ ತಿರುಗಿ, “ಸಾವಿತ್ರಕ್ಕ, ನಿಮ್ಮ ಬೀಗರ ಮನಿ ಮಾತು. ಖರೆ ಏನು, ನೀವಽ ಹೇಳ್ರಿ” ಎಂದಳು.

“ಜಿನ್ನಕ್ಕಾರ ಅಡಗಿಮನ್ಯಾಗ ನಾ ಇದ್ದು, ಉಂಡು ಬಂದೇನ್ರಿ” ಎಂದೆ ನಾನು. “ಬಳ್ಳೊಳ್ಳಿ ಸಿಪ್ಪಿನೂ ಆ ಮನಿ ಹೊಸ್ತಿಲಾ ದಾಟಿಲ್ಲ. ನನ್ನ ಮಗಳ ಕೈ ಅದರಾಗ ಐತಿ. ಇನ್ನ ಏನ್ ಹೇಳ್ಬೇಕ್ರಿ?”

ಮಕ್ಕಳಿಗೆಂದು ಅಳಿಯಂದಿರ ಕೈಯಲ್ಲಿ ನೀನು ಕಳಿಸಿದ್ದ ಡಬ್ಬಿ ಅಲ್ಲೇ ಇತ್ತು. ನಾನು ಹೊರಗಿನದು ಮುಟ್ಟುವವಳಲ್ಲ ಎಂಬುದು ನಮ್ಮವರಿಗೆಲ್ಲ ಗೊತ್ತು. ಚುರಮುರಿಗೆ ಚಟ್ನಿ ಕಲಸಿ ಅವರೆಲ್ಲರ ಮುಂದೆ ತಿಂದೆ. ಒಬ್ಬೊಬ್ಬರಾಗಿ ಅವರೂ ಕೈ ಚಾಚಿದರು. ಸೋದರತ್ತೆ ಬಾಯಿ ಚಪ್ಪರಿಸಿ, “ಇದು ಇಂಗಿನ ರುಚಿ ಐತ್ರಿ, ಬಳ್ಳೊಳ್ಳಿದಲ್ಲ” ಎಂದು ತಾನೇ ತೀರ್ಪು ಕೊಟ್ಟಳು.

ಹೌದು, ಇಂಗು. ತುಪ್ಪದಲ್ಲಿ ಹುರಿದ ಇಂಗು, ಪುದೀನ, ಮೇಲೊಂದಿಷ್ಟು ಹಸಿ ಮಾವಿನಕಾಯಿ. ನಾನು ನಿನಗೆ ಮಾಡಿ ಕೊಡುತ್ತಿದ್ದುದರಲ್ಲಿ ಇದು ಯಾವುದೂ ಇರಲಿಲ್ಲ. ನನ್ನದಕ್ಕಿಂತ ಚಲೋ ಆಗಿತ್ತು ರೂಪಾ. ಇಷ್ಟು ಬರೆಯುವುದಕ್ಕೆ ಪೆನ್ನನ್ನು ಎರಡು ಸಲ ಕೆಳಗಿಟ್ಟೆ.

ಕೊಣ್ಣೂರಿನವರು ಮತ್ತೆ ಬರತೊಡಗಿದ್ದು ಕೇಳಿ ಸಮಾಧಾನವಾಯಿತು. ಗಾರ್ಡನ್ನಿನ ಎದುರಿಗೆ ಸಣ್ಣ ಅಂಗಡಿ ಹಿಡಿದಿದ್ದೀರಿ, ಪೂಜೆಗೆ ನಾನೇ ಬಂದು ದೀಪ ಹಚ್ಚಬೇಕೆಂದು ನಿನ್ನ ಅತ್ತೆ ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀ. ಆಕೆಗೆ ನನ್ನ ಮೇಲೆ ಒಂದಿಷ್ಟಾದರೂ ಮತ್ಸರ ಇದ್ದಿದ್ದರೆ ನನಗೆ ಬಹಳ ಅನುಕೂಲವಾಗುತ್ತಿತ್ತು. ಇಷ್ಟು ಒಳ್ಳೆಯ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ದಣಿವಿನ ಕೆಲಸ.

ಬರುತ್ತೇನೆ. ನಿಮ್ಮಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಆದರೆ ಎಲ್ಲ ಮರೆತು ಬಂದಳು ಎಂದು ತಿಳಿಯಬೇಡ. ಅಂಗಡಿಯಲ್ಲಿ ಬಾಳೆಕಾಯಿ ಕುದಿಸುವ ಕೆಲಸ ನನ್ನದು. ಅದನ್ನು ಯಾರಿಗೂ ಬಿಡುವುದಿಲ್ಲ. ಜಿನ್ನವ್ವನವರಿಗೆ ನಮಸ್ಕಾರ ಹೇಳು. ಪ್ರಣಿತಾಳಿಗೆ ಮುತ್ತು.

ನಿನ್ನ ಬರವಿಗಾಗಿ ಅಲ್ಲ, ನಿನ್ನ ಬಳಿ ಬರುವುದಕ್ಕಾಗಿ ದಿನ ನೋಡುತ್ತಿರುವ,
ನಿನ್ನ ಅವ್ವ
ಸಾವಿತ್ರವ್ವ

ತಾ.ಕ.: ಒಂದು ಮಾತು ಮೇಲೆ ಬರೆಯದೆ ಬಿಟ್ಟಿದ್ದೆ. ಮೂಡಲಗಿಯಲ್ಲಿ ಆ ಸೋದರತ್ತೆ ಖರೆ ಏನು ಎಂದು ಕೇಳಿದಾಗ ನಾನು ಕೂಡಲೇ ಉತ್ತರ ಕೊಡಲಿಲ್ಲ. ಹೋಳಿಗೆ ಮುರಿಯುತ್ತ ಸುಮ್ಮನೆ ಕೂತೆ. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಜಿನ್ನವ್ವನವರ ಹೆಸರು ನನ್ನ ಮೌನದಲ್ಲಿ ಕೆಡುತ್ತ ಹೋಯಿತು. ಅದು ನನಗೆ ಗೊತ್ತಿತ್ತು, ಸುಖವೂ ಆಗುತ್ತಿತ್ತು. ಸೋದರತ್ತೆ ಎರಡನೇ ಸಲ ಕೇಳಿದ ಮೇಲೆ ಬಾಯಿ ತೆರೆದೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ನಿನ್ನ ಆ ಅವ್ವನಿಗೆ ಮಾತ್ರ ಓದಿ ಹೇಳಬೇಡ. ಇದೊಂದು ನಮ್ಮಿಬ್ಬರಲ್ಲೇ ಇರಲಿ.