ಕ್ಯಾಮೆರಾ ಹಿಡಿದವಳಿಗೆ ಗೈರುಹಾಜರಿ

ಮೌಲ್ಯಮಾಪನ ವಿಭಾಗದ ಹಿರಿಯ ಅಧಿಕಾರಿಗಳೇ,

ಮೂರು ದಿನದಿಂದ ಒಂದೇ ಕೆಟ್ಟ ಕನಸು. ತಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು "ಇಲ್ಲಿದ್ದೀನಿ ಸಾರ್" ಅಂತ ಕೂಗುತ್ತೇನೆ. ಒಳಗಿನವರು ನಾನಿಲ್ಲವೇನೋ ಎಂಬಂತೆ ನನ್ನ ಹಿಂದಿನ ಗೋಡೆಯ ಗಡಿಯಾರ ನೋಡುತ್ತಾರೆ. ಬೆವರಿ ಏಳುತ್ತೇನೆ. ಆಮೇಲೆ ನೆನಪಾಗುತ್ತದೆ, ಹಾಗಾಗಿರುವುದು ಹತ್ತನೇ ತರಗತಿಯ ನನ್ನ ಮಗಳಿಗೆ. ವಿಜ್ಞಾನದ ಕಿರುಚಿತ್ರ ತೆಗೆದವಳೇ ಅವಳು; ತಮ್ಮ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ಗೈರು". ಕಾರಣ, "ದೃಶ್ಯದಲ್ಲಿ ಕಾಣಿಸಿಕೊಂಡಿಲ್ಲ."

ನಾನು ಆರನೇ ತರಗತಿಗೆ ಎರಡು ಸಲ ಸೇರಿ ಎರಡು ಸಲವೂ ಬಿಟ್ಟವನು. ಅಕ್ಷರ ತಪ್ಪಿದ್ದರೆ ಅದು ನನ್ನದು, ಮಗಳ ತಲೆಗೆ ಕಟ್ಟಬೇಡಿ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನನಗೆ ಕೆಲಸ. ಮಕ್ಕಳು ಪಾಠ ಉರು ಹೊಡೆಯುವುದು ಬೇಡ, ಚಿತ್ರ ತೆಗೆದು, ಧ್ವನಿ ಕೂಡಿಸಿ ಕಲಿಯಲಿ ಎಂದು ಸುತ್ತೋಲೆ ಕಳಿಸಿದವರು ತಾವೇ. ಒಳ್ಳೆಯ ಯೋಚನೆ, ಮುಖಸ್ತುತಿಗೆ ಹೇಳುತ್ತಿಲ್ಲ. ವಿಜ್ಞಾನದ ತರಗತಿ ಎಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗಿ ಐವರು ಗೆಳತಿಯರನ್ನು ಕರೆದುಕೊಂಡು ನನ್ನ ಕೆಲಸದ ಕೋಣೆಗೇ ಬಂದಳು. ಮುಖ ತೋರಿಸಲು ನಾಚಿಕೆ, ಅದಕ್ಕೇ ಟೀಚರು ಕ್ಯಾಮೆರಾ ಇವಳ ಕೈಗೆ ಕೊಟ್ಟಿದ್ದರು. "ಅಪ್ಪಾ, ಒದ್ದೆ ಬಟ್ಟೆ ಗಿರಗಿರ ತಿರುಗುವಾಗ ನೀರು ಯಾಕೆ ಹೊರಗೆ ಹೋಗತ್ತೆ?" ಅಂದಳು. "ಹೋಗತ್ತೆ, ಅಷ್ಟೆ. ನಾನೇನು ಕಳಿಸ್ತೀನಾ?" ಅಂದೆ. ಏಳು ಸಲ ಯಂತ್ರ ನಿಲ್ಲಿಸಿ, ತಿರುಗಿಸಿ, ಚಿತ್ರ ತೆಗೆದಳು. ಬಟ್ಟೆಯನ್ನು ಡ್ರಮ್ಮಿನ ಗೋಡೆ ತಡೆಯುತ್ತದೆ, ನೀರು ತೂತು ಸಿಕ್ಕಲ್ಲಿ ನೇರ ಹಾರಿಹೋಗುತ್ತದೆ ಎಂದು ನನಗೇ ಪಾಠ ಹೇಳಿದಳು. ಇಪ್ಪತ್ತೆರಡು ವರ್ಷ ಆ ಯಂತ್ರದ ಮುಂದೆ ನಿಂತವನಿಗೆ!

ಅಂಕಪಟ್ಟಿ ಹಿಡಿದು ತಮ್ಮ ಕಚೇರಿಗೆ ಹೋದೆ. ಗುಮಾಸ್ತರು ಚಿತ್ರ ಹಾಕಿ ನೋಡಿದರು.

"ಇದರಲ್ಲಿ ನಿಮ್ಮ ಹುಡುಗಿ ಎಲ್ರೀ?"

"ಕ್ಯಾಮೆರಾ ಹಿಂದೆ ಸಾರ್."

"ಮುಂದೆ ಬರಬೇಕಿತ್ತು."

"ಬಂದ್ರೆ ಹಿಡಿಯೋರ್ಯಾರು ಸಾರ್?"

"ಅದನ್ನ ನನ್ನ ಕೇಳಿದ್ರೆ? ಕಾಣೋರಿಗೆ ಕಾಲಂ ಇದೆ, ಕಾಣದೋರಿಗೆ ಇಲ್ಲ."

ಚಿತ್ರದ ಕೊನೆಯಲ್ಲಿ ಅವಳ ಹೆಸರು ಬರುತ್ತದಲ್ಲ ಎಂದರೆ, "ಹೆಸರು ಯಾರು ಬೇಕಾದ್ರೂ ಹಾಕ್ಕೋತಾರೆ" ಎಂದರು. ಟೀಚರು ಬರೆದ ಪತ್ರಕ್ಕೆ "ಪರಿಶೀಲಿಸಲಾಗುವುದು" ಎಂಬ ಒಂದೇ ಪದದ ಉತ್ತರ. ಹಾಗಾದರೆ ಸ್ವಾಮಿ, ಕ್ಯಾಮೆರಾ ಗಾಳಿಯಲ್ಲಿ ತೇಲುತ್ತಿತ್ತೇ? ಪ್ರಶ್ನೆಪತ್ರಿಕೆ ಬರೆದವರ ಮುಖವನ್ನು ಯಾವ ವಿದ್ಯಾರ್ಥಿ ಕಂಡಿದ್ದಾನೆ? ಅವರಿಗೂ ಗೈರು ಹಾಕುತ್ತೀರಾ?

ಈ ಅಂಕವಿಲ್ಲದೆ ಪರೀಕ್ಷೆಯ ಪ್ರವೇಶಪತ್ರ ಬರುವುದಿಲ್ಲವಂತೆ. ಶುಕ್ರವಾರ ಕೊನೆಯ ದಿನ. ಮಗಳು ಅಳುತ್ತಲೂ ಇಲ್ಲ. "ಬಿಡಪ್ಪಾ, ಇರ್ಲಿಲ್ಲ ಅಂತ ಬರೆದಿದ್ದಾರೆ. ಇರ್ಲಿಲ್ಲ ಅಂತಾನೇ ಇಟ್ಕೊ" ಅಂದು ಪುಸ್ತಕದ ಚೀಲವನ್ನು ಮಂಚದ ಕೆಳಗೆ ತಳ್ಳಿದ್ದಾಳೆ. ಅದಕ್ಕೇ ಬರೆಯಲು ಕೂತಿದ್ದೇನೆ. ಈ ಪತ್ರ ಓದಿ ತಾವು ಸಿಟ್ಟಾಗಿ ಉಳಿದ ಐವರ ಅಂಕವೂ ಹೋದರೆ ಎಂಬ ಹೆದರಿಕೆ ಬೇರೆ.

ಆ "ಗೈರು" ಹೊಡೆದುಹಾಕಿ, ಅವಳಿಗೆ ಸಲ್ಲಬೇಕಾದ ಅಂಕ ಕೊಡಿ. ಕಾಣಲೇಬೇಕೆಂದರೆ, ನಾಲ್ಕನೇ ನಿಮಿಷದಲ್ಲಿ ಯಂತ್ರ ಪೂರ್ತಿ ನಿಲ್ಲುತ್ತದಲ್ಲ, ಅಲ್ಲಿ ಚಿತ್ರ ತಡೆದು ಅದರ ದುಂಡು ಗಾಜಿನ ಬಾಗಿಲು ನೋಡಿ. ಮಸುಕಾಗಿ ಎರಡು ಜಡೆ, ಕ್ಯಾಮೆರಾ ಎತ್ತಿ ಹಿಡಿದ ಎರಡು ಕೈ. ನನಗೇನೋ ಕಂಡಿತು, ಆದರೆ ಅಪ್ಪನ ಕಣ್ಣು, ನೆಚ್ಚಿಕೊಳ್ಳುವ ಹಾಗಿಲ್ಲ. ತಾವೇ ಇನ್ನೊಂದು ಸಲ ನೋಡಿ.

ಇಂತಿ,
ಅದೇ ಚಿತ್ರದಲ್ಲಿ ಬೆನ್ನು ಮಾತ್ರ ಕಾಣಿಸುವ
ಅವಳ ಅಪ್ಪ