ಅಟ್ಟದ ಲೆಕ್ಕಕ್ಕೆ ಸಿಕ್ಕ ಟೀಚರುಗಳು

ಹಾಲ್ಕುರಿಕೆ
2-12-2024, ಸೋಮವಾರ

ಪ್ರೀತಿಯ ಚೈತ್ರಾ,

ಹೇಗಿದ್ದೀಯಾ? ಕೆಮ್ಮು ಪೂರಾ ಹೋಯಿತೋ, ನನಗೆ ಸಮಾಧಾನವಾಗಲೆಂದು ಹೋಯಿತು ಅಂದೆಯೋ? ಶಹಾಪುರದ ಧೂಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡು, ಯಾರೂ ನಗುವುದಿಲ್ಲ. ನಾನು, ಅವ್ವ ಚೆನ್ನಾಗಿದ್ದೇವೆ. "ಫೋನಲ್ಲಿ ಬರೀ ಹೂಂ ಹೂಂ ಅಂತೀರಿ, ಒಂದು ಕಾಗದನಾದ್ರೂ ಬರೀರಿ" ಎಂದು ಬೈದೆಯಲ್ಲ, ಅದಕ್ಕೇ ಕೂತಿದ್ದೇನೆ. ಅಕ್ಷರ ಕೋಳಿಕಾಲಾದರೆ ನಿನ್ನ ಶಾಲೆಯ ಮಕ್ಕಳಿಗೆ ತೋರಿಸಬೇಡ.

ಕೊಬ್ಬರಿಯಾಗಲೆಂದು ಅಟ್ಟಕ್ಕೆ ಏರಿಸಿದ ತೆಂಗಿನಕಾಯಿಗಳ ಲೆಕ್ಕಕ್ಕೆ ನೀನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟು ಹೋದ ಎಕ್ಸೆಲ್ ಶೀಟು ಚೆನ್ನಾಗಿ ನಡೆಯುತ್ತಿದೆ. ಅಟ್ಟದ ಯಾವ ಅಂಕಣಕ್ಕೆ ಯಾವಾಗ ಕಾಯಿ ಏರಿಸಿದೆವೆಂದು ತಾರೀಖು ಹಾಕಿದರೆ ಸಾಕು, ಹನ್ನೊಂದು ತಿಂಗಳು ತುಂಬಿದ ಕೂಡಲೇ ಹಸಿರಿದ್ದ ಆ ಸಾಲು ಕಂದು ಬಣ್ಣಕ್ಕೆ ತಿರುಗಿ "ಸುಲಿಯಬಹುದು" ಎನ್ನುತ್ತದೆ. ಮೇಲೆ ಹತ್ತಿ ನಾಲ್ಕು ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಆದರೆ ಮೊದಲು ನಾನು ಮೇಲಿನಿಂದ ಕೂಗುತ್ತಿದ್ದೆ, ನೀನು ಕೆಳಗೆ ಕೂತು ಬರೆದುಕೊಳ್ಳುತ್ತಿದ್ದೆ. ಮೊನ್ನೆ ಅಭ್ಯಾಸಬಲದಿಂದ "ಮೂಡಲ ಅಂಕಣ ಆಯ್ತು ಕಣೇ" ಎಂದು ಕೂಗಿಬಿಟ್ಟೆ. ಅವ್ವ ಕೆಳಗಿನಿಂದ "ಯಾರ್ನ ಕರೀತಿದೀಯಲಾ?" ಅಂದಳು. "ಏನಿಲ್ಲ ಬುಡವ್ವ" ಎಂದು ಕೆಳಗಿಳಿದು ಬಂದು ನಾನೇ ಬರೆದುಕೊಂಡೆ. ಮನೆಯಲ್ಲಿ ಜನ ಇದ್ದೂ ಇಷ್ಟು ಒಂಟಿ ಅನ್ನಿಸುತ್ತದೆಂದು ಮದುವೆಗೆ ಮುಂಚೆ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮೂರ ಶಾಲೆಯ ಜ್ಞಾನೇಶ್ ಮೇಷ್ಟ್ರ ವಾಟ್ಸಾಪಿಗೆ ಪರಸ್ಪರ ವರ್ಗಾವಣೆ ಕೇಳುವ ಟೀಚರುಗಳ ಸಂದೇಶ ಮಳೆ ಸುರಿದ ಹಾಗೆ ಬರುತ್ತದೆ, ಅವರು ಅವನ್ನೆಲ್ಲ ನನಗೂ ಕಳಿಸುತ್ತಾರೆ. ನಿನ್ನ ಕಡೆಗೆ ಹೋಗಲು ಬಯಸುವ, ನಮ್ಮ ಕಡೆ ಕೆಲಸ ಮಾಡುವ ಗಣಿತದ ಟೀಚರ್ ಒಬ್ಬರು ಸಿಕ್ಕರೆ ನೀನು ಮನೆಗೆ ಬರಬಹುದಲ್ಲವೇ? ಬೆಳಿಗ್ಗೆ ಕಂಡ ಹೆಸರು ಸಂಜೆಗೆ ಎಲ್ಲೋ ಮೇಲೆ ಹೋಗಿರುತ್ತಿತ್ತು. ಎಲ್ಲವನ್ನೂ ಶೀಟಿಗೆ ಇಳಿಸೋಣವೆಂದುಕೊಂಡೆ. ಹೊಸದು ಮಾಡಲು ಬರಬೇಕಲ್ಲ! ಅಟ್ಟದ ಶೀಟನ್ನೇ ನಕಲು ಮಾಡಿ, ಅಂಕಣದ ಜಾಗದಲ್ಲಿ ಟೀಚರುಗಳ ಹೆಸರು, ಕಾಯಿ ಏರಿಸಿದ ತಾರೀಖಿನ ಜಾಗದಲ್ಲಿ ಅವರು ಕೆಲಸಕ್ಕೆ ಸೇರಿದ ತಾರೀಖು ಹಾಕಿದೆ. ನೋಡನೋಡುತ್ತಲೇ ಅಷ್ಟೂ ಸಾಲು ಕಂದು ಬಣ್ಣ! ನಿವೃತ್ತಿಗೆ ಹತ್ತಿರವಿದ್ದ ಮೇಡಂ ಒಬ್ಬರ ಹೆಸರಿನ ಮುಂದೆಯೂ "ಸುಲಿಯಬಹುದು" ಎಂದು ಬಂತು. ಜ್ಞಾನೇಶ್ ಮೇಷ್ಟ್ರು ಬಿದ್ದು ಬಿದ್ದು ನಕ್ಕರು.

ಆದರೆ ಅಲ್ಲೇ ದಾರಿಯೂ ಸಿಕ್ಕಿತು. ವರ್ಗಾವಣೆಗೂ ಇಂತಿಷ್ಟು ವರ್ಷ ಸೇವೆ ತುಂಬಿರಬೇಕಲ್ಲ? ಹನ್ನೊಂದು ತಿಂಗಳು ತೆಗೆದು ಆ ವರ್ಷಗಳನ್ನು ಹಾಕಿದೆ. ತುಂಬದವರು ಮತ್ತೆ ಹಸಿರಾದರು. ಗಣಿತ ಬಿಟ್ಟು ಉಳಿದ ವಿಷಯಗಳನ್ನು ಮರೆಮಾಡಿದೆ. ಕಂದು ಬಣ್ಣದಲ್ಲಿ ಉಳಿದವರಿಗೆ, ಕಾಯಿ ಅಲ್ಲಾಡಿಸುವ ಹಾಗೆ, ಒಬ್ಬೊಬ್ಬರಿಗೇ ಫೋನು ಮಾಡಿದೆ. ಕೆಲವರಿಗೆ ಆಗಲೇ ವರ್ಗವಾಗಿತ್ತು, ಕೆಲವರ ಮನಸ್ಸು ಬದಲಾಗಿತ್ತು. ಅವ್ವನಂತೂ "ಹೊತ್ತುಮೂಡಿದ್ರೆ ಆ ಪೆಟ್ಗೆ ಮುಂದೆ ಕುಂತ್ಕತೀಯಲ್ಲ, ಹೆಂಡ್ತಿ ಏನ್ ಅದ್ರೊಳಗವ್ಳಾ?" ಎಂದು ಗೊಣಗುತ್ತಿದ್ದಳು.

ಇದ್ದಳು ಕಣೇ. ಅಮ್ಮಸಂದ್ರದ ಹತ್ತಿರದ ಶಾಲೆಯೊಂದರಲ್ಲಿ ಶರಣಮ್ಮ ಎಂಬ ಗಣಿತದ ಟೀಚರ್ ಇದ್ದಾರೆ, ಊರು ಶಹಾಪುರದ ಪಕ್ಕದಲ್ಲೇ. "ನಮ್ಮವ್ವ ಒಬ್ಬಾಕೇ ಅದಾಳ್ರೀ ಅಣ್ಣಾರ, ನಾಳೆ ಅಂದ್ರ ನಾಳೇನೇ ಹೋಗ್ತೀನ್ರಿ" ಅಂದರು. ಫೋನು ಇಟ್ಟವನೇ ತೋಟದ ತುದಿಯವರೆಗೂ ಸುಮ್ಮನೆ ನಡೆದುಕೊಂಡು ಹೋಗಿ ಬಂದೆ. ಅಮ್ಮಸಂದ್ರವೆಂದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದೂರ. ಅವರು ಅರ್ಜಿ ತುಂಬಿ ತಯಾರಾಗಿದ್ದಾರೆ. ನಿನ್ನ ಅರ್ಜಿಯೊಂದು ಬೇಕು, ಈ ತಿಂಗಳೊಳಗೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಗೆಳತಿಯರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ,
ರಂಗನಾಥ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಶರಣಮ್ಮನವರು ಕೊನೆಗೆ "ಮೇಡಮ್ಮಾರಿಗೆ ಕೇಳೀರೇನ್ರಿ?" ಅಂದರು. ಅಷ್ಟು ಕಾಲಂ ತುಂಬಿದೆ, ನಿನ್ನನ್ನೇ ಕೇಳಿರಲಿಲ್ಲ. ಹೋದ ವಾರ ನೀನು ಫೋನಿನಲ್ಲಿ, ಹುಣಸೆಬೀಜ ಹರವಿಕೊಂಡು ಭಾಗಾಕಾರ ಕಲಿತ ಹುಡುಗಿಯರ ವಿಷಯ ಹೇಳುತ್ತಾ ಹೇಳುತ್ತಾ ನಗುತ್ತಿದ್ದೆ. ಅಷ್ಟು ಖುಷಿಯಾಗಿ ನೀನು ಈ ಮನೆಯಲ್ಲಿ ನಕ್ಕಿದ್ದು ನೆನಪಿಗೆ ಬರಲಿಲ್ಲ. ಅದಕ್ಕೇ ಶೀಟಿನಲ್ಲಿ ಹೊಸ ಕಾಲಂ ಹಾಕಿ, ಮೇಲೆ "ಚೈತ್ರಾಗೆ ಇಷ್ಟವೇ?" ಎಂದು ಬರೆದಿದ್ದೇನೆ. ಖಾಲಿ ಇದೆ. ಅವ್ವನ ಮುಖ, ನನ್ನ ಮುಖ ನೋಡದೆ ನಿನ್ನ ಮನಸ್ಸಿಗೆ ಬಂದದ್ದನ್ನು ತಿಳಿಸು. ಇಲ್ಲ ಅಂದರೆ ಶರಣಮ್ಮನವರಿಗೆ ಬೇರೆಯವರನ್ನು ನಾನೇ ಹುಡುಕಿಕೊಡುತ್ತೇನೆ, ನನಗೂ ಅಲ್ಲಿಗೆ ಬಂದುಹೋಗುವ ಬಸ್ಸು ಹುಡುಕಿಕೊಳ್ಳುತ್ತೇನೆ. ಇಷ್ಟೆಲ್ಲ ಬರೆದ ಮೇಲೂ ಬಾ ಅನ್ನಬೇಕು ಅನ್ನಿಸುತ್ತಿದೆ. ಅಂಚೆಯವರು ಬಂದರು, ಕೊಟ್ಟುಬಿಡುತ್ತೇನೆ.